ಸುಳ್ಳು ಮುಟ್ಟು

ಆಶಾರಾಣಿ ಆ ತಿಂಗಳೂ ಹೊರಗೆ ಕೂತಳು. ಕೂರುವುದಕ್ಕೆ ಕಾರಣ ಮಾತ್ರ ಇರಲಿಲ್ಲ.

ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದವಳು ಅಡುಗೆಮನೆಯ ಹೊಸ್ತಿಲಿನಿಂದ ಈಚೆಗೇ ನಿಂತು, "ಅತ್ತೆ, ನಾನು ಹೊರಗೆ" ಎಂದಳು. ಒಲೆಯ ಮುಂದಿದ್ದ ಹೊನ್ನಕ್ಕ ತಿರುಗಿ ನೋಡಲಿಲ್ಲ.

"ಗೊತ್ತಿತ್ತು ಬಿಡು. ನಿನ್ನೇನೇ ಚಾಪಿ ಕೊಡವಿ ಇಟ್ಟೀನಿ. ಒಳ್ಳೇದಾತು, ಗೌರಿ ಹುಣ್ಣಿಮಿ ಹೊತ್ತಿಗೆ ಎಲ್ಲಾ ಮುಗಿದಿರ್ತೈತೆ."

ಹರಿಹರದ ಆ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆಯಿತ್ತು. ಉಳಿದ ದಿನ ಅದರಲ್ಲಿ ಈರುಳ್ಳಿ ಚೀಲವೂ ಮಾವ ತಿಪ್ಪೇರುದ್ರಪ್ಪನ ಹಳೇ ಸೈಕಲ್ಲೂ ಇರುತ್ತಿದ್ದವು. ತಿಂಗಳಿಗೆ ಮೂರು ದಿನ ಸೈಕಲ್ಲು ಅಂಗಳಕ್ಕೆ ಬರುತ್ತಿತ್ತು, ಆಶಾ ಕೋಣೆಯ ಒಳಗೆ ಹೋಗುತ್ತಿದ್ದಳು. ಅದಕ್ಕೆ 'ಹೊರಗೆ' ಎನ್ನುತ್ತಿದ್ದರು. ಅವಳಿಗೆಂದೇ ಒಂದು ತಟ್ಟೆ, ಒಂದು ಚೊಂಬು, ಒಂದು ಕಂಬಳಿ. ಹೊನ್ನಕ್ಕ ಬಾಗಿಲಲ್ಲಿ ನಿಂತು ರೊಟ್ಟಿಯನ್ನು ಮೇಲಿನಿಂದಲೇ ತಟ್ಟೆಗೆ ಬಿಡುತ್ತಿದ್ದಳು. ನಾಲ್ಕನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಕಂಬಳಿ ಒಗೆದು ಹಾಕಿದರೆ ಆಶಾ ಮತ್ತೆ ಮನೆಯವಳು.

ಆ ದಿನಗಳಲ್ಲೂ ಅವಳು ಕೆಲಸಕ್ಕೆ ಹೋಗುತ್ತಿದ್ದಳು. ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಅವಳಿಗೆ ಕೆಲಸ. ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದಳು, "ಬಸ್ಸಿನಲ್ಲಿ ಎಲ್ಲರನ್ನೂ ಮುಟ್ಟಿಕೊಂಡೇ ಹೋಗ್ತೀನಲ್ಲ ಅತ್ತೆ, ಅದು ನಡೀತೈತಾ?"

"ಬಸ್ಸಿನಾಗ ಯಾರು ಹೆಂಗೆ ಅದಾರೋ ಯಾರಿಗೆ ಗೊತ್ತು? ಗೊತ್ತಿಲ್ಲದ್ದಕ್ಕೆ ದೋಷ ಇಲ್ಲ. ಮನಿಯಾಗ ನನಗೆ ಗೊತ್ತಿರ್ತೈತಲ್ಲ."

ಆ ಮಾತನ್ನು ಆಶಾ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಗೊತ್ತಿಲ್ಲದ್ದಕ್ಕೆ ದೋಷ ಇಲ್ಲ. ಸುಳ್ಳು ಮುಟ್ಟಿನ ಮೂರು ದಿನವೂ ಅವಳು ಹೊಸ ಪ್ಯಾಡುಗಳನ್ನು ಬಿಚ್ಚಿ, ಮಡಚಿ, ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುತ್ತಿದ್ದಳು. ಪೇಪರಿನೊಳಗೆ ಅವು ಬೆಳ್ಳಗೆ ಇರುತ್ತಿದ್ದವು. ರಾತ್ರಿ ಕಂಬಳಿ ಹೊದ್ದು ಮಲಗಿದರೆ ಅಡುಗೆಮನೆಯಿಂದ ಹೊನ್ನಕ್ಕ ಕಟ್ಟೆ ಹಿಡಿದು ಮೇಲೇಳುವ ಸದ್ದು ಕೇಳುತ್ತಿತ್ತು. ಅವಳಿಗೆ ಮಂಡಿ ನೋವು. ಏಳುವಾಗಲೆಲ್ಲ ಮನೆದೇವರನ್ನು ಕರೆಯುತ್ತಿದ್ದಳು. ಆದರೆ ಗಂಡ ತಿಪ್ಪೇರುದ್ರಪ್ಪನಿಗೂ ಆ ದೇವರದೇ ಹೆಸರಾದ್ದರಿಂದ ಅದನ್ನು ಬಾಯಲ್ಲಿ ತರುವಂತಿರಲಿಲ್ಲ. "ಅಜ್ಜಯ್ಯಾ" ಎಂದಷ್ಟೇ ನರಳುತ್ತಿದ್ದಳು. ಈ ಮನೆಯಲ್ಲಿ ಬಾಯಲ್ಲಿ ತರಬಾರದ ಮಾತುಗಳು ಒಬ್ಬೊಬ್ಬರಿಗೆ ಒಂದೊಂದು ಇವೆ ಎಂದು ಆಶಾಗೆ ಅನ್ನಿಸುತ್ತಿತ್ತು.

ಹೈಸ್ಕೂಲಿನಲ್ಲಿ ದೊಡ್ಡವಳಾದಾಗಿನಿಂದ ಅವಳ ಮುಟ್ಟಿಗೆ ಲೆಕ್ಕವಿರಲಿಲ್ಲ. ಎರಡು ತಿಂಗಳಿಗೊಮ್ಮೆ ಆಗುತ್ತಿತ್ತು, ಕೆಲವು ಸಲ ನಾಲ್ಕು ತಿಂಗಳಾದರೂ ಇಲ್ಲ. ತವರು ಶಾಮನೂರು. ಡಿಗ್ರಿ ಓದುವಾಗ ತಾಯಿ ಕಸ್ತೂರಮ್ಮ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನಿಂಗು ಬರೆದುಕೊಟ್ಟರು. ಕಸ್ತೂರಮ್ಮ ಚೀಟಿಯನ್ನು ಪರ್ಸಿಗೆ ಹಾಕಿಕೊಂಡು ನೇರ ಬಸ್ ಸ್ಟಾಪಿಗೆ ನಡೆದಳು. "ಸ್ಕ್ಯಾನಿಂಗಿಗೆ ಅಂತ ಕುಂತ್ರೆ ನಮ್ಮೋರು ಯಾರಾದ್ರೂ ನೋಡ್ತಾರೆ. ನಾಳೆ ಗಂಡು ಹುಡುಕಬೇಕು. ಮದುವಿ ಆಗಲಿ, ಎಲ್ಲಾ ತಾನೇ ಸರಿ ಹೋಗ್ತೈತೆ." ಮದುವೆಯ ಹಿಂದಿನ ದಿನ ಮಗಳ ತಲೆ ಬಾಚುತ್ತಾ ಇನ್ನೊಂದು ಮಾತು ಸೇರಿಸಿದ್ದಳು. "ಅತ್ತೆ ಮನಿಯಾಗ ಇದನ್ನ ಬಾಯಿ ಬಿಡಬ್ಯಾಡ."

ಮದುವೆಯಾದ ಮೇಲೆ ಮೊದಲ ತಿಂಗಳು ಆಗಲಿಲ್ಲ. ಎರಡನೆಯ ತಿಂಗಳೂ ಆಗಲಿಲ್ಲ. ಹೊನ್ನಕ್ಕ ಏನೂ ಕೇಳಲಿಲ್ಲ. ಒಂದು ದಿನ ನೀರಿನ ಕೊಡವನ್ನು ಸೊಸೆಯ ಕೈಯಿಂದ ಕಿತ್ತುಕೊಂಡಳು. ಇನ್ನೊಂದು ದಿನ ಹುಣಸೆಹಣ್ಣಿನ ಗೊಜ್ಜು ಮಾಡಿ ತಟ್ಟೆಯ ತುಂಬ ಬಡಿಸಿದಳು. "ಮೂರು ತುಂಬೋತನ ಯಾರಿಗೂ ಹೇಳಬಾರದು, ಡಾಕ್ಟ್ರಿಗೂ ಬ್ಯಾಡ" ಎಂದು ತಾನೇ ಎಚ್ಚರಿಸಿ, ಸಂಜೆ ಪಕ್ಕದ ಮನೆಯ ಶಕುಂತಲಮ್ಮನ ಹತ್ತಿರ ಪಿಸುಗುಟ್ಟಿದಳು, "ನಮ್ಮ ಆಶಾಗೆ ನಿಂತೈತೆ."

ನಿಂತೈತೆ. ಆಶಾ ಒಳಗಿನಿಂದ ಆ ಮಾತನ್ನು ಕೇಳಿಸಿಕೊಂಡಳು. ನಿಂತಿದ್ದು ಮುಟ್ಟು ಮಾತ್ರ. ಆದರೆ ಕನ್ನಡದಲ್ಲಿ ಮುಟ್ಟು ನಿಂತರೂ ಅದೇ ಮಾತು, ಗರ್ಭ ನಿಂತರೂ ಅದೇ ಮಾತು. ಕಾಲೇಜಿನ ಶೌಚಾಲಯದಲ್ಲಿ ಅವಳು ಪರೀಕ್ಷೆಯ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದ್ದಳು. ಒಂದೇ ಗೆರೆ ಬಂದಿತ್ತು, ಗರ್ಭವಿಲ್ಲ. ಅದನ್ನು ಹೇಳಬೇಕೆಂದು ಮನೆಗೆ ಬಂದರೆ ಹೊನ್ನಕ್ಕ ಅಟ್ಟದಿಂದ ತೊಟ್ಟಿಲು ಇಳಿಸಿ ಧೂಳು ಒರೆಸುತ್ತಿದ್ದಳು. ಯಾರೂ ಏನೂ ಕೇಳದಿದ್ದಾಗ ಉತ್ತರ ಎಲ್ಲಿಂದ ಶುರು ಮಾಡುವುದು ಎಂದು ಆಶಾಗೆ ತಿಳಿಯಲಿಲ್ಲ.

ಮೂರನೆಯ ತಿಂಗಳ ಕೊನೆಗೆ ರಕ್ತ ಬಂತು. ಹೊನ್ನಕ್ಕ ಎರಡು ದಿನ ಉಣ್ಣಲಿಲ್ಲ. ಸೊಸೆಯ ತಲೆ ಸವರಿ, ಶುಂಠಿ ಬೆಲ್ಲದ ಕಷಾಯ ಕುಡಿಸಿ, ಬಂದವರಿಗೆಲ್ಲ "ನಿಲ್ಲಲಿಲ್ಲವ್ವಾ" ಎಂದಳು. ತೊಟ್ಟಿಲು ಮತ್ತೆ ಅಟ್ಟಕ್ಕೆ ಹೋಯಿತು. ಇರದೇ ಇದ್ದ ಮಗುವಿಗಾಗಿ ಎಲ್ಲರೂ ಆಶಾಳನ್ನು ಸಮಾಧಾನ ಮಾಡಿದರು. ಅವಳು ತಲೆ ತಗ್ಗಿಸಿ ಕೂತಿದ್ದಳು. ಅಳದಿದ್ದರೆ ತಪ್ಪಾಗುತ್ತದೆಂದು ಅಳಲು ಹೋದಳು. ಅಳು ನಿಜವಾಗಿಯೇ ಬಂತು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಮುಂದಿನ ತಿಂಗಳು ಅವಳು ಹೊಸ್ತಿಲ ಬಳಿ ನಿಂತು ಮೊದಲ ಸಲ ಆ ಸುಳ್ಳು ಹೇಳಿದಳು. ಇನ್ನೊಮ್ಮೆ ಆ ತೊಟ್ಟಿಲು ಕೆಳಗಿಳಿಯಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದು. ಆಮೇಲೆ ಬಿಡಲು ಆಗಲಿಲ್ಲ. ತಿಂಗಳು ತಪ್ಪಿದರೆ ಆಸೆ ಹುಟ್ಟುತ್ತದೆ. ತಪ್ಪದಿದ್ದರೆ ಒಂದು ನಿಟ್ಟುಸಿರಿನಲ್ಲಿ ಮುಗಿಯುತ್ತದೆ. ನಡುವೆ ಒಂದೆರಡು ಸಲ, ಹೇಳಿದ ದಿನ ಬಿಟ್ಟು ಬೇರೆ ದಿನ, ನಿಜವಾಗಿ ಸ್ವಲ್ಪ ಸ್ವಲ್ಪ ಆದದ್ದನ್ನು ಶಾಮನೂರಿಗೆ ಹೋಗಿ ಕಳೆದು ಬಂದಳು. ಎರಡು ವರ್ಷವಾಯಿತು. ಈಗ ಹೊನ್ನಕ್ಕ ಓಣಿಯಲ್ಲಿ ಹೇಳಿಕೊಳ್ಳುತ್ತಿದ್ದಳು, "ನಮ್ಮ ಸೊಸಿ ಗಡಿಯಾರ ಇದ್ದಂಗೆ. ಒಂದು ದಿನ ಹಿಂದಿಲ್ಲ, ಮುಂದಿಲ್ಲ. ದೇವರು ಇನ್ನೊಂದು ಕೊಡ್ಲಿಲ್ಲ, ಅಷ್ಟೇ."

ಶಕುಂತಲಮ್ಮ ನಗುತ್ತಿದ್ದಳು. "ನೀವೇ ಪಾಡು ಹೊನ್ನಕ್ಕ, ಎಲ್ಲಾ ಕಣ್ಣೆದುರಿಗೆ ಇರ್ತೈತೆ. ನಮ್ಮಾಗ ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ, ಯಾರೂ ಹೊರಗೆ ಕೂರಲ್ಲ. ನಮ್ಮ ಸೊಸಿಗೆ ಯಾವಾಗ ಆಗ್ತೈತೋ ಬಿಡ್ತೈತೋ, ಆ ಮಾದೇವಗೇ ಗೊತ್ತು."

ಆ ಸೊಸೆಯ ಮೇಲೆ ಆಶಾಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಗಂಡ ಶ್ರೀನಿವಾಸನಿಗೆ ಹೇಳಲು ಒಮ್ಮೆ ಪ್ರಯತ್ನಿಸಿದ್ದಳು. ಅವನು ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ. "ನನಗೆ ತಿಂಗಳು ತಿಂಗಳು ಸರಿಯಾಗಿ..." ಎನ್ನುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು. "ಅದೆಲ್ಲ ಅವ್ವಗ ಹೇಳು. ನನಗೇನು ತಿಳೀತೈತೆ" ಎಂದು ಎದ್ದು ಹೋದ. ಕೆಟ್ಟವನಲ್ಲ. ಮರುದಿನ ಕೇಳದೆಯೇ ಒಂದು ಕೆಜಿ ಸೇಬು ತಂದಿಟ್ಟಿದ್ದ.

ಹುಣ್ಣಿಮೆಯ ಹಿಂದಿನ ದಿನ ಸಕ್ಕರೆ ಆರತಿ ಮಾಡುವ ಕೆಲಸ. ರಾತ್ರಿಯೇ ನೀರಿನಲ್ಲಿ ನೆನೆಹಾಕಿದ್ದ ಮರದ ಅಚ್ಚುಗಳನ್ನು ಹೊನ್ನಕ್ಕ ಒಂದೊಂದಾಗಿ ತೆಗೆದು ದಾರ ಸುತ್ತುತ್ತಿದ್ದಳು. ಆನೆ, ನವಿಲು, ಗೋಪುರ. ಆಶಾ ಪಾಕ ತಿರುವುತ್ತಿದ್ದಳು. ತಿಪ್ಪೇರುದ್ರಪ್ಪ ಬಾಗಿಲಲ್ಲಿ ಇಣುಕಿ, "ಒಂದು ಆನೆ ನನಗೆ ತೆಗೆದಿಡವ್ವಾ, ಹಲ್ಲಿಲ್ಲ, ಸೊಂಡಿಲಿನಿಂದ ಚೀಪ್ತೀನಿ" ಎಂದ. ಹೊನ್ನಕ್ಕ, "ಗೌರಿಗಿಂತ ಮೊದಲು ನಿಮಗ? ಸಕ್ಕರಿ ಕಾಯಿಲಿ ಬ್ಯಾರೆ ಐತೆ, ನಡೀರಿ ಆಚೆ" ಎಂದು ಗದರಿದಳು.

ಆಗ ಆಶಾಗೆ ಹೊಟ್ಟೆಯ ಕೆಳಗೆ ಏನೋ ಕಳಚಿದಂತಾಯಿತು. ತೊಡೆಯ ಒಳಗೆ ಬಿಸಿ ಇಳಿಯಿತು.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಲ್ಕು ತಿಂಗಳಿಂದ ಬಾರದೇ ಇದ್ದದ್ದು ಬಂದಿತ್ತು. ಅವಳು ಸುಳ್ಳು ಮುಟ್ಟು ಮುಗಿಸಿ ತಲೆಗೆ ನೀರು ಹಾಕಿಕೊಂಡು ಒಂದು ವಾರವೂ ಆಗಿರಲಿಲ್ಲ.

"ಆಶಾ, ಪಾಕ ಗಟ್ಟಿಯಾಗ್ತೈತೆ, ಬಾರವ್ವಾ."

ಏನು ಹೇಳುವುದು? ಹೊರಗೆ ಎಂದರೆ, ಮೊನ್ನೆ ತಾನೇ ಆಗಿದ್ದೆಯಲ್ಲ ಎನ್ನುತ್ತಾಳೆ. ಅದಕ್ಕೆ ಉತ್ತರ ಕೊಟ್ಟರೆ ಹಿಂದಿನ ತಿಂಗಳದ್ದಕ್ಕೂ ಕೊಡಬೇಕು, ಅದರ ಹಿಂದಿನದಕ್ಕೂ. ಒಂದು ನಿಜ ಹೇಳಲು ಎರಡು ವರ್ಷದ ಸುಳ್ಳನ್ನು ಬಿಚ್ಚಬೇಕಿತ್ತು. ಎರಡು ಪ್ಯಾಡು ಒಟ್ಟಿಗೆ ಇಟ್ಟುಕೊಂಡಳು. ಬಂದು ಪಾಕವನ್ನು ಅಚ್ಚಿಗೆ ಹೊಯ್ದಳು. ಅವಸರದಲ್ಲಿ ನವಿಲಿನ ಕುತ್ತಿಗೆಯ ಹತ್ತಿರ ಗುಳ್ಳೆ ನಿಂತಿತು. ಅಚ್ಚು ಬಿಚ್ಚಿದಾಗ ತಲೆ ಮುರಿದು ಬಂತು.

"ಕಣ್ಣು ಎಲ್ಲಿಟ್ಟಿದ್ದಿ?" ಎಂದಳು ಹೊನ್ನಕ್ಕ. ಬೈಯಲಿಲ್ಲ. ಮುರಿದ ತಲೆಯನ್ನು ಸೊಸೆಯ ಬಾಯಿಗೆ ಇಟ್ಟಳು.

ಮರುದಿನ ಸಂಜೆ ಶಕುಂತಲಮ್ಮನ ಮನೆಯಲ್ಲಿ ಕೂರಿಸಿದ ಗೌರಿಗೆ ಆರತಿ ಎತ್ತಲು ಹೊನ್ನಕ್ಕ ಹಸಿರು ಸೀರೆ ಉಡು ಎಂದಿದ್ದಳು. ಆಶಾ ಕಡುಗೆಂಪು ಉಟ್ಟಳು. ತಟ್ಟೆಯ ತುಂಬ ಬಿಳಿಯ ಆನೆ, ನವಿಲು, ನಡುವೆ ದೀಪ. ಹಾಡು ಹೇಳುವ ಹೆಂಗಸರ ನಡುವೆ ನಿಂತು ಅವಳು ಗೌರಿಯ ಮುಖ ನೋಡಲಿಲ್ಲ. ಎಂ.ಕಾಂ. ಓದಿದ ತನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಎಂದೇ ತಿಳಿದಿದ್ದಳು. ಈಗ ನೋಡಿದರೆ ಭಯ ಮೈಯಲ್ಲೆಲ್ಲ ಇತ್ತು. ಅದು ಗೌರಿಯ ಭಯವೋ, ಸೀರೆಯ ಹಿಂಭಾಗದ ಭಯವೋ ಎಂದು ಬೇರೆ ಮಾಡಲು ಅವಳಿಂದ ಆಗಲಿಲ್ಲ. ಗೊತ್ತಿಲ್ಲದ್ದಕ್ಕೆ ದೋಷ ಇಲ್ಲ, ಎಂದುಕೊಂಡಳು. ಆದರೆ ಅದು ಗೊತ್ತಿಲ್ಲದವರಿಗೆ ಹೇಳಿದ ಮಾತು. ಅವಳಿಗೆ ಗೊತ್ತಿತ್ತು.

ಐದು ದಿನಕ್ಕೆ ನಿಲ್ಲಬಹುದು ಎಂದುಕೊಂಡಿದ್ದಳು. ನಿಲ್ಲಲಿಲ್ಲ. ವಾರ ಕಳೆದರೂ ಗಂಟು ಗಂಟಾಗಿ ಹೋಗುತ್ತಲೇ ಇತ್ತು. ಹಿಂದೆ ಬಿಳಿಯ ಪ್ಯಾಡನ್ನು ಮನೆಯ ಬುಟ್ಟಿಗೆ ಹಾಕಿ ತೋರಿಸುತ್ತಿದ್ದವಳು ಈಗ ಕೆಂಪಾದದ್ದನ್ನು ಕವರಿನಲ್ಲಿ ಕಟ್ಟಿ, ಬ್ಯಾಗಿನಲ್ಲಿ ಬುತ್ತಿಯ ಕೆಳಗೆ ಇಟ್ಟುಕೊಂಡು ದಾವಣಗೆರೆಗೆ ಒಯ್ದು ಬಿಸಾಡುತ್ತಿದ್ದಳು. ಬಸ್ಸಿನಲ್ಲಿ ನಿಂತರೆ ಕಣ್ಣು ಕತ್ತಲೆಯಾಗುತ್ತಿತ್ತು, ಕೂತರೆ ಸೀಟಿನ ಚಿಂತೆ. ಕಾಲೇಜಿನ ಮೆಟ್ಟಿಲು ಹತ್ತುವಾಗ ಎದೆ ಕಿವಿಯಲ್ಲಿ ಬಡಿಯುತ್ತಿತ್ತು. ಕಾಲೇಜಿನ ಹಿಂದಿನ ರಸ್ತೆಯಲ್ಲೇ ಡಾಕ್ಟರ್ ಭುವನೇಶ್ವರಿಯವರ ಕ್ಲಿನಿಕ್ಕಿತ್ತು. ಎರಡು ಸಲ ಅದರ ಗೇಟಿನವರೆಗೆ ಹೋಗಿ ಬಂದಳು. ಒಳಗೆ ಹೋದರೆ ಮೊದಲು ಕೇಳುವುದು ದಿನಾಂಕ. ಯಾವ ದಿನಾಂಕ ಹೇಳುವುದು?

ತಾಯಿಗೆ ಫೋನು ಮಾಡಿದಳು. ಕಸ್ತೂರಮ್ಮ ಎಲ್ಲಕ್ಕಿಂತ ಮೊದಲು, "ಅತ್ತೆಗೆ ಗೊತ್ತಾತಾ?" ಎಂದಳು. ಇಲ್ಲ ಎಂದಾಗ, "ಹಂಗಾರೆ ಎರಡು ದಿನ ತಡಿ. ನಿಂತೇ ನಿಲ್ತೈತೆ" ಎಂದಳು.

ಶುಕ್ರವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಆಶಾಗೆ ಹಂಚಿನ ಕಡೆ ತಿರುಗಿದ್ದಷ್ಟೇ ನೆನಪಿತ್ತು. ಆಮೇಲೆ ನೆಲ ತಣ್ಣಗೆ ಕೆನ್ನೆಗೆ ತಗುಲಿತ್ತು. ಹೊನ್ನಕ್ಕ ಮಂಡಿಯೂರಿ, ಊರಲಾರದ ಮಂಡಿಯನ್ನೇ ಊರಿ, ಅವಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. ಅವಳ ಕಣ್ಣು ಸೊಸೆಯ ಸೀರೆಯ ಮೇಲಿತ್ತು.

"ಇದೇನವ್ವಾ ಇದು? ಮೊನ್ನೆ ತಾನೇ ಆಗಿದ್ಯಲ್ಲ. ಇದೇನಿದು?"

ಆಶಾ ಹೊನ್ನಕ್ಕನ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ಕೆಳಗಿನಿಂದ ನೋಡುತ್ತಿದ್ದಳು. ಹೊನ್ನಕ್ಕನ ತಂಗಿ ಕಡರನಾಯಕನಹಳ್ಳಿಯಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಿದ್ದಳು. ಅದೂ ಹೀಗೇ, ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುವುದರಿಂದ ಶುರುವಾಗಿತ್ತು. ಯಾರಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಟ್ಟಿದ್ದಳಂತೆ. ಹೊನ್ನಕ್ಕ ಆ ಕಥೆಯನ್ನು ಹೇಳುವಾಗಲೆಲ್ಲ ಕೊನೆಯ ವಾಕ್ಯ ಒಂದೇ ಇರುತ್ತಿತ್ತು: ನನಗಾದ್ರೂ ಹೇಳಬಾರದಿತ್ತಾ.

"ಸೀನಾ, ಆಟೋ ಕರಿ. ಗೋಡಿ ನೋಡಿಕೊಂತ ನಿಂತ್ಕಬ್ಯಾಡ, ಓಡು."

ಅಡುಗೆಮನೆಯಲ್ಲಿ ರಕ್ತ ಬಿದ್ದಿತ್ತು. ಹೊನ್ನಕ್ಕ ಅದನ್ನು ನೋಡಲಿಲ್ಲ. ಮುಟ್ಟಾದವಳನ್ನು ತಬ್ಬಿ ಎಬ್ಬಿಸಿ, ತನ್ನದೇ ಒಗೆದ ಸೀರೆ ಉಡಿಸಿ, ದೇವರ ಕೋಣೆಯ ಮುಂದಿನಿಂದಲೇ ನಡೆಸಿಕೊಂಡು ಹೊರಟಳು. ದಾವಣಗೆರೆಯವರೆಗೂ ಆಟೋದಲ್ಲಿ ಸೊಸೆಯ ಕೈ ಬಿಡಲಿಲ್ಲ. "ಏನೂ ಆಗಲ್ಲ. ನಿನಗೆ ಏನೂ ಆಗಲ್ಲ. ನಾನು ಅದೀನಿ" ಎನ್ನುತ್ತಿದ್ದಳು. ಪ್ರತಿ ಸಲ ಹಾಗೆಂದಾಗಲೂ ಆಶಾಗೆ ಬಾಗಿಲು ತೆಗೆದು ರಸ್ತೆಗೆ ಹಾರಬೇಕೆನಿಸುತ್ತಿತ್ತು.

ಡಾಕ್ಟರ್ ಭುವನೇಶ್ವರಿ ಐವತ್ತು ದಾಟಿದ ದಪ್ಪ ಕನ್ನಡಕದ ಹೆಂಗಸು. ಆಶಾಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, "ಸುಣ್ಣ ಬಳಿದ ಗೋಡೆ ಇದ್ದ ಹಾಗಿದ್ದೀಯಲ್ಲಮ್ಮ" ಎಂದರು. ರಕ್ತ ತೆಗೆಸಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಗರ್ಭ ಇಲ್ಲ. ರಕ್ತದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಶ್ರೀನಿವಾಸ ಹೊರಗಿನ ಬೆಂಚಿನಲ್ಲಿ ಕೂತ. ಹೊನ್ನಕ್ಕ ಒಳಗೆ ಬಂದಳು.

"ಕೊನೇ ಸಲ ಮುಟ್ಟಾಗಿದ್ದು ಯಾವಾಗ?"

ಆಶಾ ತುಟಿ ಒದ್ದೆ ಮಾಡಿಕೊಂಡಳು. ಅಷ್ಟರಲ್ಲಿ ಹೊನ್ನಕ್ಕ ಹೇಳಿದಳು, "ದೀಪಾವಳಿ ಆದ ಮುಂದಿನ ವಾರ ಡಾಕ್ಟ್ರೇ. ಮೂರು ದಿನ ಕೂತು ನಾಲ್ಕಕ್ಕೆ ನೀರು ಹಾಕ್ಕಂಡಾಳೆ."

"ಅವರೇ ಹೇಳಲಿ."

"ಅವಳಿಗೆ ಮಾತಾಡಾಕ ತ್ರಾಣ ಎಲ್ಲೈತ್ರಿ. ನಾನೇ ನೋಡ್ಕಂಡೀನಲ್ಲ. ನಮ್ಮ ಮನಿಯಾಗ ಹೊರಗೆ ಕೂರಿಸ್ತೀವಿ, ತಪ್ಪಾಕ ಬರಲ್ಲ. ಎರಡು ವರ್ಷದಾಗ ಒಂದು ತಿಂಗಳೂ ಏರುಪೇರಾಗಿಲ್ಲ. ಗಡಿಯಾರ ಇದ್ದಂಗೆ ಡಾಕ್ಟ್ರೇ."

ಡಾಕ್ಟರು ಆಶಾಳನ್ನು ನೋಡಿದರು. ಆಶಾ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ನೋಡುತ್ತಿದ್ದಳು. ಅದನ್ನೇ ಒಪ್ಪಿಗೆ ಎಂದುಕೊಂಡು ಅವರು ಬರೆಯತೊಡಗಿದರು.

"ತಿಂಗಳು ತಿಂಗಳು ಸರಿಯಾಗಿ ಆಗ್ತಿದ್ದವರಿಗೆ ಮುಗಿದ ವಾರದಲ್ಲೇ ಮತ್ತೆ ಶುರುವಾಗಿ ಇಷ್ಟು ಹೋಗ್ತಿದೆ ಅಂದ್ರೆ ಒಳಗೆ ಏನಾದ್ರೂ ಬೆಳೆದಿದೆಯಾ ನೋಡಬೇಕು. ಸ್ಕ್ಯಾನ್ ಮಾಡೋಣ. ಬೇಕಾದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಮನೆತನದಲ್ಲಿ ಯಾರಿಗಾದರೂ..."

"ಚೂರು ತೆಗೆಯೋದು ಅಂದ್ರೆ," ಹೊನ್ನಕ್ಕನ ದನಿ ಒಡೆಯಿತು. "ನಮ್ಮ ತಂಗೀಗೂ ಹಿಂಗೇ ಅಂದಿದ್ರು. ಚೂರು ತೆಗೀತೀವಿ ಅಂದ್ರು. ಮೂರು ತಿಂಗಳಿಗೆ..." ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳು ಸದ್ದಿಲ್ಲದೆ ಭುಜವನ್ನು ಅಲುಗಿಸುತ್ತಿತ್ತು. "ಇವಳಿಗೆ ಇನ್ನೂ ಇಪ್ಪತ್ತಾರು ಡಾಕ್ಟ್ರೇ."

ಆ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಹೊರಗೆ ಯಾವುದೋ ಮಗು ಕೆಮ್ಮುತ್ತಿತ್ತು. ಈಗ ಸುಮ್ಮನಿದ್ದರೂ ಆಗುತ್ತದೆ ಎಂದು ಆಶಾಗೆ ಹೊಳೆಯಿತು. ಡಾಕ್ಟರು ಚೂರು ತೆಗೆಯಲಿ, ಕಳಿಸಲಿ, ಏನೂ ಇಲ್ಲ ಎಂದು ಬರಲಿ. ಆದರೆ ಅಲ್ಲಿಯವರೆಗೆ ಈ ಹೆಂಗಸು ಉಣ್ಣುವುದಿಲ್ಲ. ಇಲ್ಲದ ಮಗುವಿಗೆ ಎರಡು ದಿನ ಉಪವಾಸವಿದ್ದವಳು ಇಲ್ಲದ ಸಾವಿಗೆ ಎಷ್ಟು ದಿನ ಇರುತ್ತಾಳೋ. ಮತ್ತೆ ತನಗೆ ಕೊಡುವ ಔಷಧಿ ಯಾವುದು? ಆಗದೇ ಇದ್ದ ಮುಟ್ಟಿನ ಲೆಕ್ಕದ ಮೇಲೆ ಕೊಡುವ ಔಷಧಿ.

"ದೀಪಾವಳಿಗೆ ಆಗಿರಲಿಲ್ಲ" ಎಂದಳು.

ಡಾಕ್ಟರ ಪೆನ್ನು ನಿಂತಿತು.

"ಅದರ ಹಿಂದಿನ ತಿಂಗಳೂ ಆಗಿರಲಿಲ್ಲ. ನಾಲ್ಕು ತಿಂಗಳಿಂದ ಆಗಿಲ್ಲ. ಮೊದಲಿಂದಲೂ ಹೀಗೇ ಮೇಡಂ, ಎರಡು ತಿಂಗಳಿಗೆ, ಮೂರು ತಿಂಗಳಿಗೆ. ಆಗದೇ ಇದ್ದಾಗಲೂ ಆಯ್ತು ಅಂತ ಹೇಳಿ ಕೂರ್ತಿದ್ದೆ."

"ಯಾಕೆ?"

ಎರಡೇ ಅಕ್ಷರದ ಆ ಪ್ರಶ್ನೆಗೆ ಆಶಾ ಹತ್ತಿರ ಉತ್ತರವಿತ್ತು, ಆದರೆ ಅದನ್ನು ಹೊನ್ನಕ್ಕನ ಎದುರು ಹೇಳುವುದೆಂದರೆ ಆ ತೊಟ್ಟಿಲನ್ನು ಇನ್ನೊಮ್ಮೆ ಇಳಿಸಿದಂತೆ. ಅವಳು ಅಡ್ಡಡ್ಡ ತಲೆಯಾಡಿಸಿದಳು. ಹೊನ್ನಕ್ಕ ಬಾಯಿಂದ ಸೆರಗು ತೆಗೆದಿದ್ದಳು. ಅಳು ನಿಂತಿತ್ತು.

ಡಾಕ್ಟರು ಬರೆದದ್ದನ್ನು ಹೊಡೆದು ಹಾಕಿದರು. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವರಿಗೇ ಗೊತ್ತಿದ್ದಂತಿರಲಿಲ್ಲ. "ನಾನು ರೋಗಿಗೆ ಔಷಧಿ ಕೊಡಬೇಕೋ ನಿಮ್ಮ ಮನೆ ಚಾಪೆಗೆ ಕೊಡಬೇಕೋ?" ಎಂದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ನಿಧಾನಕ್ಕೆ ಹೇಳಿದರು.

"ನೋಡಮ್ಮ. ತಿಂಗಳಿಗೊಂದು ಮೊಟ್ಟೆ ಬಿಡುಗಡೆಯಾಗಬೇಕು. ನಿನಗೆ ಅದು ಸರಿಯಾಗಿ ಆಗ್ತಿಲ್ಲ ಅಂತ ಕಾಣುತ್ತೆ. ಮೊಟ್ಟೆ ಬಿಡದಿದ್ರೆ ಒಳಪದರಕ್ಕೆ ಇಳಿ ಅಂತ ಹೇಳೋರು ಯಾರೂ ಇಲ್ಲ, ಅದು ಬೆಳೀತಾನೇ ಇರುತ್ತೆ. ಕೊನೆಗೆ ತಡೀಲಾರದೆ ಒಟ್ಟಿಗೆ ಇಳಿಯುತ್ತೆ. ಈಗ ಆಗ್ತಿರೋದು ಅದೇ ಇರಬೇಕು. ಥೈರಾಯ್ಡ್ ನೋಡ್ತೀನಿ, ಸ್ಕ್ಯಾನ್ ಮಾಡ್ತೀನಿ, ಪಿಸಿಓಎಸ್ ಅನ್ನೋ ತೊಂದರೆ ಇದೆಯಾ ನೋಡ್ತೀನಿ. ಬಹಳ ಹೆಣ್ಣುಮಕ್ಕಳಿಗೆ ಇರುತ್ತೆ, ಹೇಳೋರು ಕಡಿಮೆ. ರಕ್ತ ನಿಲ್ಲೋಕೆ ಮಾತ್ರೆ ಇದೆ. ದಿನ ಸರಿಯಾಗೋಕೂ ಮಾತ್ರೆ ಇದೆ. ಆದರೆ ತಿಂಗಳುಗಟ್ಟಲೆ ಆಗದೇ ಇದ್ರೆ ಸುಮ್ಮನೆ ಬಿಡೋ ಹಾಗಿಲ್ಲ. ಆ ಪದರ ವರ್ಷಗಟ್ಟಲೆ ಹೀಗೇ ಬೆಳೀತಾ ಹೋದ್ರೆ ಮುಂದೆ ನಿಜವಾಗಲೂ ಅಪಾಯ. ತಿಳೀತಾ?"

ಆಶಾ ಹೂಂ ಎಂದಳು. ಅವಳಿಗೆ ಕೇಳಬೇಕಾಗಿದ್ದು ಇನ್ನೊಂದಿತ್ತು. ಹೊನ್ನಕ್ಕ ಕೇಳುತ್ತಾಳೆಂದು ಕಾದಳು. ಹೊನ್ನಕ್ಕ ಕೇಳಲಿಲ್ಲ.

"ಮಕ್ಕಳಾಗಲ್ಲ ಅಂತ ನಾನು ಹೇಳ್ತಿಲ್ಲ" ಎಂದರು ಡಾಕ್ಟರು, ಇಬ್ಬರನ್ನೂ ನೋಡಿ. "ತಡ ಆಗಬಹುದು. ಮೊದಲು ರಕ್ತ ಏರಲಿ."

ಸ್ಕ್ಯಾನು ಮುಗಿದು, ಅವತ್ತು ಸಂಜೆಯವರೆಗೆ ರಕ್ತ ಹಾಕಿಸಿಕೊಂಡು, ಮಾತ್ರೆ ತೆಗೆದುಕೊಂಡು ಮರಳುವಾಗ ಹೊನ್ನಕ್ಕ ಆಟೋದ ಆ ತುದಿಗೆ ಕೂತಳು. ಇಬ್ಬರ ನಡುವೆ ಮಾತ್ರೆಯ ಕವರಿತ್ತು. ಶ್ರೀನಿವಾಸ ಮುಂದೆ ಡ್ರೈವರನ ಪಕ್ಕ ಕೂತಿದ್ದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನು ಕೇಳಿರಲೂ ಇಲ್ಲ. ಹರಿಹರ ಹತ್ತಿರವಾದಾಗ ಆಶಾ, "ಅತ್ತೆ, ಗೌರಿ ಮುಂದೆ ಆರತಿ..." ಎಂದಳು.

"ಗೌರಿ ವಿಷಯ ಗೌರಿ ನೋಡ್ಕಂತಾಳೆ" ಎಂದಳು ಹೊನ್ನಕ್ಕ, ರಸ್ತೆಯನ್ನೇ ನೋಡುತ್ತಾ. ತುಸು ಹೊತ್ತಾದ ಮೇಲೆ ದನಿಯೇರಿಸದೆ ಸೇರಿಸಿದಳು. "ತಿಂಗಳಿಗೆ ಮೂರು ದಿನ ಈ ಮಂಡಿ ಇಟ್ಕಂಡು ಒಬ್ಬಾಕಿನೇ ಒಲಿ ಮುಂದೆ ನಿಂತೀನಿ. ಸೊಸಿಗೆ ಹೊಟ್ಟಿನೋವು ಇರ್ತೈತೆ, ಮಲಗಲಿ ಅಂತ. ಅಲ್ಲಿ ಮಲಗಿ ನಾನು ನರಳೋದು ಕೇಳ್ತಿದ್ದಿ ಅಲ್ಲ?"

"ಕೇಳ್ತಿದ್ದೆ."

"ಹೂಂ."

ಆಶಾ ಏನಾದರೂ ಹೇಳಬೇಕಿತ್ತು. ತೊಟ್ಟಿಲಿನ ವಿಷಯ ಹೇಳಿದರೆ ಅದು ಕ್ಷಮೆ ಕೇಳಿದಂತಾಗುತ್ತಿರಲಿಲ್ಲ, ಆರೋಪವಾಗುತ್ತಿತ್ತು. ನೀನು ಆಸೆಪಟ್ಟೆ ಎಂಬ ಆರೋಪ. ಎರಡು ವರ್ಷ ಸುಳ್ಳನ್ನು ಬಚ್ಚಿಟ್ಟವಳಿಗೆ ಈಗ ಬಚ್ಚಿಡಲು ನಿಜ ಉಳಿದಿತ್ತು.

ಮನೆ ಸೇರಿದಾಗ ತಿಪ್ಪೇರುದ್ರಪ್ಪ ಅಂಗಳದಲ್ಲಿ ನಿಂತಿದ್ದ. ಅಡುಗೆಮನೆಯ ನೆಲವನ್ನು ಅವನೇ ತೊಳೆದಿದ್ದ ಎಂದು ಒದ್ದೆಯಾದ ಪಂಚೆ ಹೇಳುತ್ತಿತ್ತು. "ಏನಂದ್ರು?" ಎಂದ. ಹೊನ್ನಕ್ಕ ನೇರ ಅಡುಗೆಮನೆಗೆ ಹೋದಳು.

ಆಶಾ ನಡುಮನೆಯಲ್ಲಿ ನಿಂತಳು. ಎಲ್ಲಿ ಹೋಗುವುದೆಂದು ತಿಳಿಯಲಿಲ್ಲ. ಗಂಡನ ಕೋಣೆಗೆ ಹೋಗುವಂತಿಲ್ಲ. ಮೆಟ್ಟಿಲ ಕೆಳಗೆ ಚಾಪೆ ಹಾಸಿರಲಿಲ್ಲ. ಸೈಕಲ್ಲು ಅಲ್ಲೇ ಇತ್ತು. ಅವಳು ಅದನ್ನು ಗೋಡೆಗೆ ಒತ್ತಿ, ಈರುಳ್ಳಿ ಚೀಲ ಸರಿಸಿ, ಉಳಿದ ಜಾಗದಲ್ಲಿ ಬರೀ ನೆಲದ ಮೇಲೆ ಕೂತಳು. ಈ ಮನೆಯಲ್ಲಿ ಇಷ್ಟು ಸಲ ಕೂತರೂ ರಕ್ತ ಹೋಗುವಾಗ ಇಲ್ಲಿ ಕೂತಿದ್ದು ಕಡಿಮೆಯೇ. ನೆಲ ಈಗಲೂ ಅಷ್ಟೇ ತಣ್ಣಗಿತ್ತು.

ಒಳಗೆ ಪಾತ್ರೆಯ ಸದ್ದಾಯಿತು. ಕಟ್ಟೆ ಹಿಡಿದು ಏಳುವ ಸದ್ದಾಯಿತು. "ಅಜ್ಜಯ್ಯಾ" ಎನ್ನಲಿಲ್ಲ. ಹಲ್ಲು ಕಚ್ಚಿ ಏಳುತ್ತಿದ್ದಾಳೆ, ತನಗೆ ಕೇಳಿಸಬಾರದೆಂದು, ಎಂದು ಆಶಾಗೆ ಅರ್ಥವಾಯಿತು. ಅದರಷ್ಟು ನೋವು ಬೆಳಿಗ್ಗೆಯಿಂದ ಯಾವುದರಿಂದಲೂ ಆಗಿರಲಿಲ್ಲ.

ಹೊನ್ನಕ್ಕ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಬೇರೆ ಇಡುವ ಆ ತಟ್ಟೆಯೇ ಇತ್ತು. ಅದರಲ್ಲಿ ಅನ್ನ, ತಿಳಿಸಾರು, ಅಂಚಿನಲ್ಲಿ ಮಾತ್ರೆ. ಸೊಸೆಯನ್ನೂ, ಚಾಪೆಯಿಲ್ಲದ ನೆಲವನ್ನೂ, ಸೈಕಲ್ಲನ್ನೂ ನೋಡಿದಳು.

"ಈ ಸಲ ಖರೇನಾ?"

ಕುಹಕದ ಮಾತೇ ಇರಬೇಕೆಂದು ಆಶಾ ತಲೆಯೆತ್ತಿದಳು. ಕುಹಕವಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಎರಡು ವರ್ಷ ಎಲ್ಲವೂ ಗೊತ್ತಿದೆ ಎಂದುಕೊಂಡಿದ್ದವಳು ಈಗ ಏನನ್ನೂ ತಾನಾಗಿ ತಿಳಿಯಲಾರದವಳಂತೆ ನಿಂತಿದ್ದಳು.

"ಖರೇ ಅತ್ತೆ."

ಹೊನ್ನಕ್ಕ ತಟ್ಟೆಯನ್ನು ಕೆಳಗೆ ಇಡಲು ಬಗ್ಗಿದಳು. ಮಂಡಿ ಅರ್ಧಕ್ಕೇ ತಡೆಯಿತು. ಆಶಾ ಕೈ ಚಾಚಿದಳು. ಹೊನ್ನಕ್ಕ ಆ ಕೈಯನ್ನು ನೋಡಿದಳು. ತಟ್ಟೆಯನ್ನು ನೆಲಕ್ಕೂ ಇಡಲಿಲ್ಲ, ಕೈಗೂ ಕೊಡಲಿಲ್ಲ. ಅರ್ಧ ಬಗ್ಗಿಯೇ, ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಸಾರಿನ ಹಬೆ ಇಬ್ಬರ ನಡುವೆ ಏಳುತ್ತಿತ್ತು, ಮೆಲ್ಲಗೆ ಆರುತ್ತಿತ್ತು.